ಹಾರ ಹಾಕಿ ಕಳಿಸುವ ಕಲೆ

ಕೆಲಸದಿಂದ ತೆಗೆಯಬೇಕಾದವನ ಹೆಸರನ್ನು ರಾಜೇಶ್ವರಿ ಬಳಗದಲ್ಲಿ ಬರೆಯಲಿಲ್ಲ. 'ನಮ್ಮ ಸ್ಟೋರಿನವರು' ಎಂದಷ್ಟೇ ಬರೆದಳು. ಹಳಬರು. ಕೇಳಿದರೆ ರಾಜೀನಾಮೆ ಕೊಡುವ ಪೈಕಿ ಅಲ್ಲ. ಶನಿವಾರದೊಳಗೆ ಹೋಗಬೇಕು, ಗದ್ದಲ ಆಗಬಾರದು. ಯಾರಾದರೂ ದಾರಿ ಹೇಳಿ.

ಬಳಗವೆಂದರೆ ರೋಣ, ನರಗುಂದ, ಗಜೇಂದ್ರಗಡದ ಬೆಳೆಯುತ್ತಿರುವ ಕಂಪನಿಗಳ ಆಫೀಸ್ ಮ್ಯಾನೇಜರುಗಳ ವಾಟ್ಸಾಪ್ ಗುಂಪು. ಬೆಳೆಯುವುದು ಕಂಪನಿ, ಬಳಲುವುದು ಮ್ಯಾನೇಜರು. ಹಾಗಾಗಿ ಒಬ್ಬರಿಗೊಬ್ಬರು ಉಪಾಯ ಹೇಳಿಕೊಳ್ಳುತ್ತಾರೆ. ಜನರೇಟರಿನ ಡೀಸೆಲ್ ಕದಿಯುವವನನ್ನು ಹಿಡಿಯುವುದು ಹೇಗೆ, ಚಹಾಕ್ಕೆ ಹೋದವರನ್ನು ಹೊತ್ತು ಮುಳುಗುವ ಮುಂಚೆ ವಾಪಸು ಕರೆಸುವುದು ಹೇಗೆ, ಕುರ್ಚಿಗಾಗಿ ಜಗಳ ಹತ್ತಿದರೆ ಕುರ್ಚಿಯನ್ನೇ ತೆಗೆಸುವುದು ಹೇಗೆ.

ಹೆಸರು ಹೇಳದ್ದಕ್ಕೇ ಮೊದಲ ಮೆಚ್ಚುಗೆ ಬಂತು. ಗೌಪ್ಯತೆ ಅಂದರೆ ಇದು, ಎಲ್ಲರೂ ಕಲಿಯಬೇಕು ಎಂದು ರೋಣದ ಟ್ರ್ಯಾಕ್ಟರ್ ಶೋರೂಮಿನ ಇಷ್ರತ ಬರೆದಳು. ಉಳಿದವರು ಚಪ್ಪಾಳೆ ಒತ್ತಿದರು.

ರಾಜೇಶ್ವರಿಯ ಕಂಪನಿ ಗಜೇಂದ್ರಗಡದ್ದು. ಸೀರೆ ನೇಯಿಸಿ ಆನ್‌ಲೈನಿನಲ್ಲಿ ಮಾರುತ್ತದೆ. ಈಚೆಗೆ ಹುಬ್ಬಳ್ಳಿಯಿಂದ ಹೊಸ ಪಾಲುದಾರರು ಬಂದಿದ್ದರು, ಬರುವಾಗ ಹೊಸ ನಿಯಮಗಳನ್ನೂ ತಂದಿದ್ದರು. ತಂಬಾಕು ಬಂದ್, ನೆಂಟಸ್ತನ ಬಂದ್, ಉದ್ರಿ ಬಂದ್, ಹಾಜರಿಗೆ ಹೆಬ್ಬೆರಳು. ಮರುದಿನವೇ ಮಾಲಕ ದ್ಯಾಮಪ್ಪ ಅವಳನ್ನು ಒಳಗೆ ಕರೆದು ಬಾಗಿಲು ಮುಚ್ಚಿದ. ಸ್ಟೋರಿನ ಕೊಟ್ರೇಶನ ಮಾತು ತೆಗೆದ.

"ಇಬ್ಬರೊಳಗ ಒಬ್ಬರ ಇರಬೇಕಂತ್ರಿ, ಮೇಡಮ್ಮಾರ. ನೀವರ ಇರ್ರಿ, ಅವರರ ಇರಲಿ. ಯಾರು ಅಂತ ನಾ ಹೇಳಂಗಿಲ್ಲ, ನೀವ ಠರಾಸ್ರಿ."

ಠರಾಯಿಸಲು ಅವಳಿಗೆ ಮುಂದಿದ್ದ ಚಹಾ ಆರುವಷ್ಟು ಹೊತ್ತೂ ಬೇಕಾಗಲಿಲ್ಲ. ಗಾಜಿನ ಕೋಣೆ ಈಗಷ್ಟೇ ಸಿಕ್ಕಿತ್ತು. ಅದರ ಬಾಗಿಲಿಗೆ ಅವಳ ಹೆಸರು ಅಂಟಿಸಿದ ಗೋಂದು ಇನ್ನೂ ಒಣಗಿರಲಿಲ್ಲ.

ಕೊಟ್ರೇಶ ಮೊದಲ ಮಗ್ಗ ಬಂದ ದಿನದಿಂದ ಇದ್ದವನು. ಅವಳಿಗೆ ಇಲ್ಲಿ ಕೆಲಸ ಕೊಡಿಸಿದವನೂ ಅವನೇ. ಅವಳು ಮ್ಯಾನೇಜರ್ ಆದ ದಿನ ಇಡೀ ಆಫೀಸಿಗೆ ಪೇಡೆ ಹಂಚಿದ್ದ. ಅಂದಿನಿಂದ ಎಲ್ಲರೆದುರು 'ಮೇಡಂ' ಎಂದೇ ಕರೆಯುತ್ತಿದ್ದ, ಕರೆದು ಮೀಸೆಯೊಳಗೇ ನಗುತ್ತಿದ್ದ. ಆ ನಗು ಅವಳಿಗೆ ಆಗುತ್ತಿರಲಿಲ್ಲ.

ಉಪಾಯ ಸಿಕ್ಕಿದ್ದು ನರಗುಂದದ ಹತ್ತಿ ಮಿಲ್ಲಿನ ಮ್ಯಾನೇಜರ್ ಮೋದಿನಸಾಬನಿಂದ. ಅವನು ಬರೆಯುವವನಲ್ಲ, ಧ್ವನಿ ಕಳಿಸುವವನು. ಮೊದಲು ಕೆಮ್ಮು, ಆಮೇಲೆ ಚಹಾ ಹೀರಿದ ಸಪ್ಪಳ, ಕಡೆಗೆ ಜ್ಞಾನ.

"ತಗೀಬ್ಯಾಡ್ರಿ ಮೇಡಮ್ಮಾರ, ಹಾರ ಹಾಕಿ ಹಾರಿಸ್ರಿ. ಸೇವಾ ಸನ್ಮಾನ ಅನ್ರಿ. ಶಾಲು, ಹಣ್ಣಿನ ಬುಟ್ಟಿ, ನಾಕು ಮಂದಿ ಭಾಷಣ. ಅಂವ ಕುಂತ ಮ್ಯಾಲ ಮೈಕಿನ್ಯಾಗ ನಿವೃತ್ತಿ ಅಂದಬಿಡ್ರಿ. ಶಾಲು ಹೊಚ್ಚಿಸಿಕೊಂಡ ಮನಷ್ಯಾ ಮತ್ತ ಡ್ಯೂಟಿಗೆ ಹ್ಯಾಂಗ ಬರತಾನ್ರಿ? ಮಂದಿ ನಗತಾರಲ್ಲ."

ಹಿಂದೆಯೇ ಇನ್ನೊಂದು ಕೆಮ್ಮು ಬಂತು. ಹೆಂಡತಿಯನ್ನು ಮರೆಯಬಾರದು, ಜೋಡಿಯಾಗಿ ಕೂರಿಸಿಯೇ ಸನ್ಮಾನ ಮಾಡಬೇಕು. ಒಂಟಿ ಗಂಡಸು ಎದ್ದು ಕೂಗಾಡಬಹುದು. ಉಡಿ ತುಂಬಿಸಿಕೊಂಡ ಹೆಂಡತಿ ಪಕ್ಕದಲ್ಲಿದ್ದರೆ ಬಾಯಿ ಬಿಡಲಾರ. ಆದರೆ ಹೆಣ್ಣುಮಕ್ಕಳಿಗೆ ಇಂಥದ್ದರ ವಾಸನೆ ಬೇಗ ಬಡಿಯುತ್ತದೆ, ಆಕೆ ಬರದಿದ್ದರೆ ಆಟ ಕೆಟ್ಟಿತು.

"ಆಕಿನ್ನ ನನಗ ಬಿಡ್ರಿ," ಎಂದು ರಾಜೇಶ್ವರಿ ಬರೆದಳು. "ಖರೇ ವಿಷಯ ಗೊತ್ತಿದ್ರೂ ಆಕಿ ಬರತಾಳ."

ಬಳಗ ನಕ್ಕಿತು. ಎಂಥಾ ಹೆಂಗಸಿರಬೇಕು ಅದು ಎಂದು ಇಷ್ರತ ಕೇಳಿದಳು.

ತಯಾರಿ ಶುರುವಾಯಿತು. ಶಾಲನ್ನು ಅವಳೇ ಆರಿಸಿದಳು. ಹೊಸ ಅಂಗಿಯ ಅಳತೆಗೆ ಮನುಷ್ಯನನ್ನು ಕಳಿಸಿ ಎಂದು ದರ್ಜಿ ಫೋನು ಮಾಡಿದಾಗ ಬೇಡವೆಂದಳು. ಅಳತೆ ಬಾಯಲ್ಲೇ ಹೇಳಿ, ಕುತ್ತಿಗೆ ಹತ್ತಿರ ತುಸು ಸಡಿಲ ಇರಲಿ ಎಂದಳು. ಅಡುಗೆಯವರಿಗೆ ಬದನೆಕಾಯಿ ಪಲ್ಯ ಬೇಡವೆಂದಳು, ತಿಂದರೆ ಸ್ಟೋರಿನವರಿಗೆ ಮೈ ಕೆರೆಯುತ್ತದೆ. ಇದನ್ನೆಲ್ಲ ಬಳಗಕ್ಕೆ ತಿಳಿಸಿದಾಗ, ಕಳಿಸುವಾಗಲೂ ಇಷ್ಟು ಕಾಳಜಿ ಮಾಡುವವರೇ ಖರೇ ಮ್ಯಾನೇಜರು ಎಂಬ ಪ್ರಶಸ್ತಿ ಬಂತು.

ಕೊಟ್ರೇಶ ಮದುಮಗನ ಹಾಗೆ ಓಡಾಡುತ್ತಿದ್ದ. ಇಷ್ಟು ವರ್ಷ ದುಡಿದದ್ದಕ್ಕೆ ಕಂಪನಿ ಶಾಲು ಹೊದಿಸುತ್ತಿದೆ ಎಂದೇ ನಂಬಿದ್ದ. ಬಿಡುವಾದಾಗೆಲ್ಲ ಗಾಜಿನ ಕೋಣೆಗೆ ಬಂದು ತನ್ನ ಭಾಷಣ ಒಪ್ಪಿಸುತ್ತಿದ್ದ. ಸೋಮವಾರದಿಂದ ಸ್ಟೋರಿಗೆ ಹೊಸ ರ್‍ಯಾಕು ಹಾಕಿಸುತ್ತೇನೆ ಎಂಬ ಮಾತು ಅದರಲ್ಲಿತ್ತು. ಆ ಮಾತು ಚೆನ್ನಾಗಿದೆ, ಕೊನೆಗೆ ಇಟ್ಟುಕೊಳ್ಳಿ ಎಂದಳು ರಾಜೇಶ್ವರಿ.

ಶನಿವಾರ ಸಂಜೆ ಸಭಾಭವನ ತುಂಬಿತ್ತು. ತನ್ನ ಉಪಾಯದ ಫಲ ನೋಡಲು ಮೋದಿನಸಾಬ ನರಗುಂದದಿಂದ ಬಸ್ಸು ಹತ್ತಿ ಬಂದು, ಯಾರ ಪರಿಚಯವೂ ಇಲ್ಲದೆ ಮುಂದಿನ ಸಾಲಿನಲ್ಲಿ ಕೂತಿದ್ದ. ವೇದಿಕೆಯ ನಡುವೆ ಬಟ್ಟೆ ಹೊದಿಸಿದ ಜೋಡಿ ಕುರ್ಚಿ. ಒಂದರಲ್ಲಿ ಹೊಸ ಅಂಗಿಯ ಕೊಟ್ರೇಶ, ಇನ್ನೊಂದು ಖಾಲಿ. ಕಾರ್ಯಕ್ರಮ ನಡೆಸುವ ಮೈಕು ರಾಜೇಶ್ವರಿಯ ಕೈಯಲ್ಲಿತ್ತು. ಹಾರವಾಯಿತು, ಶಾಲಾಯಿತು. ಅವಳು ಮೈಕನ್ನು ದ್ಯಾಮಪ್ಪನಿಗೆ ದಾಟಿಸಿದಳು.

"ನಮ್ಮ ಕೊಟ್ರೇಶಪ್ಪನವರು ಇವತ್ತ ನಿವೃತ್ತಿ ಆಗಾಕತ್ತಾರ," ಎಂದ ದ್ಯಾಮಪ್ಪ, ಯಾರ ಮುಖವನ್ನೂ ನೋಡದೆ. "ಭಾಳ ದುಡದಾರ. ಇನ್ನ ಮನಿಯಾಗ ಆರಾಮ ಇರಲಿ."

ಚಪ್ಪಾಳೆ ಬಿತ್ತು. ಎಲ್ಲರ ಜೊತೆ ಕೊಟ್ರೇಶನೂ ತಟ್ಟಿದ. ಆಮೇಲೆ ಮಾತು ಅರ್ಥವಾಯಿತು, ಕೈಗಳು ಎದೆಯ ಮುಂದೆ ಹಾಗೆಯೇ ನಿಂತವು. ಎದ್ದ. ಶಾಲು ಹೆಗಲಿನಿಂದ ಜಾರಿತು.

"ನಾ ಎಲ್ಲಿ ರಾಜೀನಾಮಿ ಕೊಟ್ಟೇನ್ರಿ?"

ಮೈಕು ದೂರವಿತ್ತು, ಮುಂದಿನ ಸಾಲಿಗಷ್ಟೇ ಕೇಳಿತು. ಆಟ ಕೆಡುತ್ತಿದೆ ಎಂದು ಮೋದಿನಸಾಬನಿಗೆ ಗೊತ್ತಾಯಿತು. ಖಾಲಿ ಕುರ್ಚಿಯ ಕಡೆ ಗದ್ದ ಎತ್ತಿ, ಲಗೂ ಎಂದು ರಾಜೇಶ್ವರಿಗೆ ಸನ್ನೆ ಮಾಡಿದ.

ಅವಳು ಮೈಕನ್ನು ವಾಪಸು ಇಸಿದುಕೊಂಡಳು. "ಈಗ ಇವರ ಶ್ರೀಮತಿಯವರು ವೇದಿಕೆಗೆ ಬರಬೇಕೆಂದು ಕೋರುತ್ತೇನೆ," ಎಂದಳು, ಪುಸ್ತಕ ಓದಿದ ಹಾಗೆ.

ಮೋದಿನಸಾಬ ಹೊರಳಿ ಹೆಂಗಸರ ಸಾಲು ನೋಡಿದ. ಒಬ್ಬರೂ ಏಳಲಿಲ್ಲ. ಎಲ್ಲರೂ ವೇದಿಕೆಯ ಕಡೆಗೇ ನೋಡುತ್ತಿದ್ದರು.

ರಾಜೇಶ್ವರಿ ಮೈಕನ್ನು ಕೆಳಗಿಟ್ಟು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಹೋಗಿ ಗಂಡನ ಪಕ್ಕ ಕುಳಿತಳು.