ಮಗ್ಗದ ಸದ್ದಿನೊಳಗೆ

‘ಶಾಶ್ವತವಾಗಿ ಅಳಿಸಬೇಕೆ?’ ಎಂದು ಫೋನು ಕೇಳುತ್ತಿತ್ತು. ಗಾನವಿಯ ಹೆಬ್ಬೆರಳು ‘ಹೌದು’ ಎಂಬುದರ ಮೇಲೆ ಇಳಿಯುವುದರಲ್ಲಿತ್ತು. ಬೆಳಗಿನಿಂದ ಒಂದು ಸೀರೆಯ ಫೋಟೊ ತೆಗೆಯಲೂ ಫೋನಿನಲ್ಲಿ ಜಾಗವಿರಲಿಲ್ಲ. ಬೇಕಾದದ್ದನ್ನೆಲ್ಲ ಪೆನ್‌ಡ್ರೈವಿಗೆ ಹಾಕಿ, ಒಂದೊಂದನ್ನೂ ತೆರೆದು ನೋಡಿ ಖಾತ್ರಿ ಮಾಡಿಕೊಂಡಿದ್ದಳು. ಕಸದ ಬುಟ್ಟಿಯಲ್ಲಿ ಉಳಿದದ್ದು ಹಬ್ಬದ ಶುಭಾಶಯಗಳು, ಮಸುಕು ಚಿತ್ರಗಳು, ಮತ್ತೆ ಮಗ್ಗದ ಮನೆಯಲ್ಲಿ ತೆಗೆದ ಒಂದು ವಿಡಿಯೊ.

“ಅದು ನಿಮ್ ತಾತ ಅಲ್ವಾ? ಯಾಕೆ ತೆಗೀತಿದ್ದೀಯ?” ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅವಳ ಅಜ್ಜಿ ನಾರಾಯಣಮ್ಮ ಕೇಳಿದರು.

“ತಾತಂದು ಒಳ್ಳೊಳ್ಳೆ ಫೋಟೊ ಎಲ್ಲಾ ಇಟ್ಕೊಂಡಿದೀನಿ ಅಜ್ಜಿ. ಇದು ಅವರು ಹೋಗೋ ಹಿಂದಿನ ವರ್ಷ ಕಾಲೇಜ್ ಪ್ರಾಜೆಕ್ಟಿಗೆ ಅಂತ ಮಾತಾಡ್ಸಿದ್ದು. ನಾಲ್ಕು ಮಗ್ಗದ ಸದ್ದಲ್ಲಿ ಒಂದಕ್ಷರಾನೂ ಕೇಳ್ಸಲ್ಲ. ಸುಮ್ನೆ ಜಾಗ ತಿಂತಿದೆ.”

“ಹಾಕು, ನೋಡೋಣ.”

ಗಾನವಿ ವಿಡಿಯೊವನ್ನು ಬುಟ್ಟಿಯಿಂದ ಹೊರತೆಗೆದು ಹಾಕಿದಳು. ಫೋನಿನೊಳಗೂ ಮಗ್ಗಗಳು ಕಿವಿ ಗಡಚಿಕ್ಕುವಂತೆ ಬಡಿದುಕೊಂಡವು. ನಾರಾಯಣಮ್ಮ ಕೈ ಒರೆಸಿಕೊಂಡು ಫೋನು ಇಸಿದುಕೊಂಡು, ಕಣ್ಣಿನ ಹತ್ತಿರ ಹಿಡಿದರು. ಮೂವತ್ತು ವರ್ಷ ಆ ಸದ್ದಿನಲ್ಲೇ ಗಂಡನ ಎದುರು ನಿಂತು ನೇಯ್ದವರು ಅವರು. ಅಲ್ಲಿ ಊಟಕ್ಕೆ ಕರೆದದ್ದು, ಜಗಳ ಆಡಿದ್ದು, ರಾಜಿಯಾದದ್ದು ಎಲ್ಲವೂ ತುಟಿಯ ಮೇಲೆಯೇ. ನೋಡುತ್ತ ನೋಡುತ್ತ ಅವರ ಮುಖ ಅರಳಿತು.

“ಏನಂತಿದಾರೆ ಅಜ್ಜಿ?”

“‘ಈ ಸದ್ದಲ್ಲಿ ನಿಂಗೇನೂ ಕೇಳ್ಸಲ್ಲ ಕಣಮ್ಮ, ಮನೆಗೆ ಹೋಗಿ ನಿಮ್ ಅಜ್ಜಿಗೆ ತೋರ್ಸು, ಅವಳು ಹೇಳ್ತಾಳೆ’ ಅಂತಾವ್ರೆ.”