ಗೊಂಬೆಗೆ ಬೆಲ್ಟಿನೇಟು

ತಬ್ಬಲಿ ಮಕ್ಕಳ ಎದೆಭಾರ ಇಳಿಸಲೆಂದು ಶನಿವಾರಕ್ಕೊಮ್ಮೆ ಓಣಿಗೆ ಬರುತ್ತಿದ್ದ ಅಕ್ಕೋರು ನೀಲವ್ವನ ಕೈಗೆ ಬಟ್ಟೆಗೊಂಬೆ ಕೊಟ್ಟರು.

"ನಿನಗ ಹತ್ತು ತುಂಬಿತಲ್ಲ, ಸೋಮವಾರ ಹಾಸ್ಟೆಲ್‌ಗೆ ಹೋಗಾಕಿ. ಇನ್ನ ನಿಮ್ಮ ಕಾಕಾ ನಿನ್ನ ಹೊಡಿಯಂಗಿಲ್ಲ. ಒಳಗಿನ ಸಿಟ್ಟೆಲ್ಲ ಇದರ ಮ್ಯಾಲೆ ತೀರಿಸ್ಕೋ."

ನೀಲವ್ವ ಗೊಂಬೆಯ ಜಡೆ ಹಿಡಿದು ಗೋಡೆಗೆ ಅಪ್ಪಳಿಸಿದಳು. ಯೂನಿಫಾರ್ಮಿನ ಬೆಲ್ಟು ಬಿಚ್ಚಿ, ಗೊಂಬೆಯ ಬಾಯಿ ಅಮುಕಿ ಹಿಡಿದು, ಹತ್ತಿ ಕಿತ್ತು ಬರುವಂತೆ ಬಾರಿಸಿದಳು.

ವರ್ಷದಿಂದ ತುಟಿ ಬಿಚ್ಚದ ಹುಡುಗಿಯ ನಂಜು ಇಳಿಯುತ್ತಿದೆಯೆಂದು ಅಕ್ಕೋರ ಜೀವ ತಣ್ಣಗಾಯಿತು.

"ಹೊಡಿ, ಇನ್ನಷ್ಟು ಹೊಡಿ ಆ ಕಾಕಾಗ!"

"ಇದು ಕಾಕಾ ಅಲ್ರಿ ಅಕ್ಕೋರ, ನನ್ನ ತಂಗಿ."

"ತಂಗೀನ ಯಾಕ ಹೊಡೀತಿ?"

"ಸೋಮವಾರದಿಂದ ಮನ್ಯಾಗ ಪಾಳಿ ಅಕೀದಲ್ರಿ. ಅಳಲಾರದಂಗ ಹೊಡ್ತ ತಿನ್ನೂದು ಕಲಿಸಾಕತ್ತೀನ್ರಿ."