ಹಳೆಯ ಮುಳ್ಳು

ಗಂಟಲಿನ ಆಪರೇಷನ್ ಆದ ಮೇಲೆ ಚಂಪಾಬಾಯಿಗೆ ಮಾತೇ ಹೊರಡುತ್ತಿರಲಿಲ್ಲ. ಹರೆಯದಲ್ಲಿ ಹಾಡಿದ ಒಂದೇ ಒಂದು ಗ್ರಾಮೋಫೋನ್ ಪ್ಲೇಟಿನಲ್ಲಿ ಮಾತ್ರ ಅವಳ ದನಿ ಉಳಿದಿತ್ತು. ಸಂಜೆಯಾದರೆ ಅದನ್ನು ಎದೆಗವಚಿಕೊಂಡು ಗಂಡನ ಮುಂದೆ ನಿಲ್ಲುತ್ತಿದ್ದಳು.

ದಿನದಿಂದ ದಿನಕ್ಕೆ ಹಾಡು ಕರಗುತ್ತಿತ್ತು, ಕರಕರ ಸದ್ದು ಏರುತ್ತಿತ್ತು. ಅಂದು ಅವಳು ಗಂಡ ಜೋಪಾನ ಮಾಡಿಟ್ಟಿದ್ದ ಹೊಸ ಮುಳ್ಳಿನ ಕಾರ್ಟ್ರಿಜ್ಜಿನ ಡಬ್ಬಿಯತ್ತ ಬೆರಳು ತೋರಿಸಿದಳು.

"ನಿನ್ನ ಪ್ಲೇಟು ಸವದದ. ಇದಕ್ಕ ಹಾಕಿದ್ರ ಹೊಸಾ ಮುಳ್ಳು ಹಾಳಾಗ್ತದ," ಎಂದು ಅವನು ಎಂದಿನಂತೆ ತಿರುಗುವ ಪ್ಲೇಟಿನ ಮೇಲೆ ಹಳೆಯ ಮುಳ್ಳನ್ನೇ ಇಳಿಸಿದ. "ಇದ್ದಷ್ಟು ಕೇಳು."

ಇದ್ದಷ್ಟನ್ನು ಅವಳು ಕಣ್ಣು ಮುಚ್ಚಿ ಕೇಳಿದಳು. ಮುಗಿಯುವಷ್ಟರಲ್ಲಿ ಗಂಡನ ಗೆಳೆಯ ತನ್ನದೊಂದು ಪ್ಲೇಟು ಹಿಡಿದು ಬಂದ.

"ನಂದೂ ಭಾಳ ಸವದದೋ. ಹೊಸಾ ಮುಳ್ಳು ಯಾಕ ಹಾಳು ಮಾಡ್ಕೋತಿ? ಆ ಹಳೇದರಾಗನ ಹಾಕು."

ಗಂಡ ಗಾಬರಿಯಿಂದ ಅವನ ಕೈ ಹಿಡಿದ.

"ಹುಚ್ಚೇನೋ ನಿನಗ? ಹಳೇ ಮುಳ್ಳು ಗೆರೀನೆಲ್ಲ ಕೆರದು ಹಾಡನ್ನ ಇಲ್ಲಧಂಗ ಮಾಡ್ತದ. ತಡಿ, ಹೊಸಾದು ಹಾಕ್ತೀನಿ. ಆ ಹಳೇದನ್ನ ಇಕಿ ಪ್ಲೇಟಿಗಂತ ಇಟ್ಟೀನಿ."